‘ಓಸಿ’ ಎಂಬ ಎರಡಕ್ಷರಕ್ಕೆ ನಾಲ್ಕು ಸಾವಿರ ಕೊಡಬೇಕೇ?

ಕಳೆದ ತಿಂಗಳು ಉಪ್ಪಳದಿಂದ ತಂಗಿಯ ಮಗ ಫೋನ್ ಮಾಡಿದ. “ಮಾಮ, ಗ್ರಾಫಿಕ್ಸ್ ಕಾರ್ಡ್ ತೆಗೊಳ್ಳಲಿಕ್ಕೆ ಉಂಟು. ಸಾದಾದ್ದು ತೆಗೊಳ್ಳುವುದಾ, ಓಸಿ ತೆಗೊಳ್ಳುವುದಾ? ಮಂಗಳೂರಿನ ಅಂಗಡಿಯಲ್ಲಿ ಸಾದಾದ್ದಕ್ಕೆ 30 ಸಾವಿರ, ಓಸಿಗೆ 34 ಸಾವಿರ ಹೇಳ್ತಾರೆ.”

ನಮ್ಮ ಕಡೆ ‘ಓಸಿ’ ಎಂದರೆ ಪುಕ್ಕಟೆ ಎಂದರ್ಥ. ಕಂಪ್ಯೂಟರ್ ಅಂಗಡಿಯ ಓಸಿ ಅದಕ್ಕೆ ಉಲ್ಟಾ, ಹೆಚ್ಚಿಗೆ ದುಡ್ಡು ಕೊಟ್ಟರೆ ಮಾತ್ರ ಸಿಗುವುದು. ಓವರ್‌ಕ್ಲಾಕ್ ಎಂಬುದರ ಗಿಡ್ಡ ರೂಪ ಅದು. ಕಾರ್ಖಾನೆಯಲ್ಲೇ ವೇಗ ಹೆಚ್ಚಿಸಿ ಕಳಿಸಿದ ಕಾರ್ಡ್ ಎಂದು ಅದರ ಅರ್ಥ.

ಹುಡುಗ ಡಿಪ್ಲೊಮಾ ಓದುತ್ತಿದ್ದಾನೆ. ಮದುವೆ ಮನೆಗಳಿಗೆ ಕ್ಯಾಟರಿಂಗ್ ಕೆಲಸಕ್ಕೆ ಹೋಗಿ, ರಜೆಯಲ್ಲಿ ಮೊಬೈಲ್ ಅಂಗಡಿಯಲ್ಲಿ ಕೂತು, ಒಂದೂವರೆ ವರ್ಷದಲ್ಲಿ 40 ಸಾವಿರ ಒಟ್ಟು ಮಾಡಿದ್ದಾನೆ. ಮನೆಯಲ್ಲಿ ಅವನ ಉಮ್ಮನಿಗೆ ಇದು ಆಟದ ಹುಚ್ಚು. ಗಲ್ಫಿನಲ್ಲಿರುವ ಅವನ ದೊಡ್ಡ ಮಾವನಿಗೆ ಇದು ಮರ್ಯಾದೆಯ ಪ್ರಶ್ನೆ: “ತೆಗೊಳ್ಳುವುದಾದರೆ ದೊಡ್ಡದೇ ತೆಗೊಳ್ಳಿ, ಇಲ್ಲದಿದ್ದರೆ ನಾನೇ ಬರುವಾಗ ತರ್ತೇನೆ.” ಹುಡುಗನ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟವರು ಯಾರೂ ಇಲ್ಲ. ಹಾಗಾಗಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಹುಡುಗರು ಈಗ ನಮ್ಮ ಮನೆ ಮನೆಯಲ್ಲೂ ಇದ್ದಾರೆ.

ಮೊದಲು ಲೆಕ್ಕ ನೋಡೋಣ. ಅವನು ನೋಡಿದ್ದು ಎನ್‌ವಿಡಿಯಾದ ಆರ್‌ಟಿಎಕ್ಸ್ 4060. ಎನ್‌ವಿಡಿಯಾ ಚಿಪ್ ಕೊಡುತ್ತದೆ. ಬೇರೆ ಬೇರೆ ಕಂಪೆನಿಗಳು ಅದಕ್ಕೆ ತಮ್ಮದೇ ಬೋರ್ಡು, ಫ್ಯಾನು ಜೋಡಿಸಿ ತಮ್ಮ ಹೆಸರಲ್ಲಿ ಮಾರುತ್ತವೆ. ಈ ಚಿಪ್ಪಿಗೆ ಎನ್‌ವಿಡಿಯಾ ಹೇಳಿದ ಬೂಸ್ಟ್ ವೇಗ 2460 ಮೆಗಾಹರ್ಟ್ಸ್. ಗಿಗಾಬೈಟ್‌ನ ವಿಂಡ್‌ಫೋರ್ಸ್ ಓಸಿ ಎಂಬ ಮಾದರಿಯಲ್ಲಿ ಅದು 2475. ಹೆಚ್ಚಾದದ್ದು 15 ಮೆಗಾಹರ್ಟ್ಸ್, ನೂರಕ್ಕೆ ಒಂದೂ ಅಲ್ಲ. ಎಂಎಸ್‌ಐಯ ಗೇಮಿಂಗ್ ಎಕ್ಸ್‌ನಲ್ಲಿ 2595, ಅಂದರೆ ನೂರಕ್ಕೆ ಐದೂವರೆ. ಸಾದಾ ಕಾರ್ಡಿನಲ್ಲಿ ಒಂದು ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತಿದ್ದರೆ, ಐದೂವರೆ ಪೂರ್ತಿ ದಕ್ಕಿದರೂ 63. ಕಾರ್ಡಿನ ಮೆಮೊರಿಯ ವೇಗ ಇದ್ದಷ್ಟೇ ಇರುವುದರಿಂದ ಪೂರ್ತಿ ದಕ್ಕುವುದೂ ಕಷ್ಟ. 60ಕ್ಕೂ 63ಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ ಎನ್ನುವವರ ಮುಂದೆ ಎರಡು ಪರದೆ ಇಟ್ಟು, ಯಾವುದು ಯಾವುದೆಂದು ಹೇಳದೆ ಕೇಳಿ ನೋಡಬೇಕು.

ಇನ್ನೊಂದು ವಿಷಯ ಉಂಟು. ಡಬ್ಬಿಯ ಮೇಲಿನ ಆ ಸಂಖ್ಯೆ ಗಡಿಯಲ್ಲ. 2012ರಲ್ಲಿ ಜಿಟಿಎಕ್ಸ್ 680 ಜೊತೆ ಜಿಪಿಯು ಬೂಸ್ಟ್ ಬಂದ ಮೇಲೆ, ಬಿಸಿಗೂ ಕರೆಂಟಿಗೂ ಅವಕಾಶ ಇದ್ದರೆ ಕಾರ್ಡ್ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ. ಒಳ್ಳೆಯ ಗಾಳಿ ಸಿಕ್ಕಿದ ಸಾದಾ ಕಾರ್ಡೂ 2460 ದಾಟಿ ಓಡುತ್ತದೆ. ಧೂಳು ಕಟ್ಟಿದ ಕ್ಯಾಬಿನೆಟ್‌ನೊಳಗೆ ಉಸಿರು ಕಟ್ಟಿದ ಓಸಿ ಕಾರ್ಡ್ ಅದಕ್ಕಿಂತ ಹಿಂದೆ ಬೀಳಬಹುದು. ನಮ್ಮ ಕರಾವಳಿಯ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ, ಹಂಚಿನ ಮನೆಯ ಅಟ್ಟದ ಕೋಣೆಯಲ್ಲಿ, ಗೆಲ್ಲುವುದು ಫ್ಯಾನು.

ಹಾಗಾದರೆ ಈ ಓವರ್‌ಕ್ಲಾಕ್‌ಗೆ ಇಷ್ಟು ಹೆಸರು ಹೇಗೆ ಬಂತು? ಒಂದು ಕಾಲದಲ್ಲಿ ಅದಕ್ಕೆ ನಿಜವಾಗಿ ಬೆಲೆ ಇತ್ತು. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಬಂದಾಗ, ಬಸ್ಸಿನ ವೇಗವನ್ನು 66ರಿಂದ 100ಕ್ಕೆ ಏರಿಸಿ 300 ಮೆಗಾಹರ್ಟ್ಸ್‌ನ ಚಿಪ್ಪನ್ನು 450ರಲ್ಲಿ ಓಡಿಸಿದವರು ಬಹಳ ಮಂದಿ. ಒಂದು ಪೈಸೆ ಹೆಚ್ಚು ಕೊಡದೆ ಒಂದೂವರೆ ಪಟ್ಟು ವೇಗ. ಈಗ ಕಂಪೆನಿಗಳು ಆ ಲಾಭವನ್ನು ಗಿರಾಕಿಗೆ ಬಿಡುವುದಿಲ್ಲ, ಮಿತಿಯ ಹತ್ತಿರದ ತನಕ ತಾವೇ ಏರಿಸಿ ಮಾರುತ್ತವೆ. ಚೆನ್ನಾಗಿ ಓವರ್‌ಕ್ಲಾಕ್ ಆಗುವ ಪ್ರೊಸೆಸರ್‌ಗಳನ್ನು ಪರೀಕ್ಷಿಸಿ, ಆರಿಸಿ ಮಾರುತ್ತಿದ್ದ ಸಿಲಿಕಾನ್ ಲಾಟರಿ ಎಂಬ ಅಮೆರಿಕದ ಅಂಗಡಿ 2021ರಲ್ಲಿ ಬಾಗಿಲು ಹಾಕಿತು. ಏರಿಸಲಿಕ್ಕೆ ಜಾಗವೇ ಉಳಿದಿಲ್ಲ ಎಂಬುದೇ ಅವರು ಕೊಟ್ಟ ಕಾರಣ.

ಮಿತಿಯ ಹತ್ತಿರ ಓಡಿಸುವುದರ ಅಪಾಯವೂ ಕಣ್ಣ ಮುಂದೆ ಉಂಟು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳಲ್ಲಿ ಆಟ ನಡುವೆಯೇ ನಿಂತು ಹೋಗುವ ತೊಂದರೆ ಬಂತು. ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿದೆ ಎಂದು 2024ರಲ್ಲಿ ಕಂಪೆನಿ ಒಪ್ಪಿಕೊಂಡು, ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. ಅದು ಓಸಿ ಎಂದು ಮಾರಿದ ಸಾಮಾನಲ್ಲ ನಿಜ. ಆದರೆ ಚಿಪ್ಪಿನಿಂದ ಕೊನೆಯ ಹನಿ ಹಿಂಡಲು ಹೋದರೆ ಏನಾಗಬಹುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಇದನ್ನು ನಾನು ಸ್ವಂತ ಕಿಸೆಯಿಂದ ಕಲಿತವನು. ದುಬೈಯಲ್ಲಿ ಕೆಲಸದಲ್ಲಿದ್ದಾಗ ಒಂದು ಓಸಿ ಕಾರ್ಡ್ ಕೊಂಡು, ಬಟ್ಟೆಗಳ ನಡುವೆ ಸುತ್ತಿ ಊರಿಗೆ ತಂದಿದ್ದೆ. ಎಂಟು ತಿಂಗಳು ಚೆನ್ನಾಗಿತ್ತು. ಆಮೇಲೆ ಆಟದ ನಡುವೆ ಪರದೆಯ ಮೇಲೆ ಬಣ್ಣ ಬಣ್ಣದ ಚುಕ್ಕಿಗಳು, ಸ್ವಲ್ಪ ಹೊತ್ತಿಗೆ ಎಲ್ಲ ಸ್ತಬ್ಧ. ಸರ್ವಿಸ್‌ನವರು ಬಿಲ್ ನೋಡಿ, “ಇದು ಇಲ್ಲಿಯದ್ದಲ್ಲ, ಕೊಂಡ ದೇಶದಲ್ಲೇ ಕೊಡಿ” ಎಂದರು. ಕಡೆಗೆ ಒಬ್ಬ ಸ್ನೇಹಿತ ಆಫ್ಟರ್‌ಬರ್ನರ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ಕಾರ್ಡಿನ ವೇಗವನ್ನು ಸಾದಾ ಕಾರ್ಡಿನ ಮಟ್ಟಕ್ಕೆ ಇಳಿಸಿದ. ಚುಕ್ಕಿಗಳು ಮಾಯ. ಮುಂದೆ ನಾಲ್ಕು ವರ್ಷ ಅದು ಹಾಗೆಯೇ ಓಡಿತು. ಯಾವ ವೇಗಕ್ಕೆಂದು ಹೆಚ್ಚು ದಿರ್ಹಮ್ ಕೊಟ್ಟಿದ್ದೆನೋ, ಅದನ್ನು ನಾನೇ ಕೈಯಾರೆ ತೆಗೆದು ಹಾಕಿದ ಮೇಲೆ ಕಾರ್ಡ್ ಬದುಕಿತು.

ಹಾಗೆಂದು ಓಸಿ ಎಂದರೆ ಮೋಸ ಎನ್ನುವುದಿಲ್ಲ. ಅದರ ಪರವಾಗಿಯೂ ಹೇಳಲಿಕ್ಕೆ ಉಂಟು. ನಾವೇ ಮನೆಯಲ್ಲಿ ವೇಗ ಏರಿಸಿ ಏನಾದರೂ ಸುಟ್ಟರೆ ವಾರಂಟಿಯ ಮಾತು ಕಷ್ಟ. ಕಾರ್ಖಾನೆಯೇ ಏರಿಸಿದ್ದಕ್ಕೆ ಕಾರ್ಖಾನೆಯೇ ಹೊಣೆ. ಓಸಿ ಮಾದರಿಗಳಿಗೆ ಸಾಮಾನ್ಯವಾಗಿ ದೊಡ್ಡ ಹೀಟ್‌ಸಿಂಕ್, ಎರಡು ಮೂರು ಫ್ಯಾನ್ ಇರುತ್ತದೆ; ಕಾರ್ಡ್ ತಣ್ಣಗಿರುತ್ತದೆ, ಸದ್ದು ಕಡಿಮೆ. ಕರೆಂಟ್ ಬಿಲ್ಲಿನ ಹೆದರಿಕೆಯೂ ಬೇಡ. 20 ವ್ಯಾಟ್ ಹೆಚ್ಚು ಎಳೆದರೂ, ದಿನಕ್ಕೆ ನಾಲ್ಕು ಗಂಟೆ ಆಡಿದರೆ, ಎರಡು ತಿಂಗಳ ಕೆಎಸ್‌ಇಬಿ ಬಿಲ್ಲಿನಲ್ಲಿ ಐದು ಯೂನಿಟ್ ಆಗುವುದಿಲ್ಲ. ಹಾಗಾಗಿ ಬೆಲೆ ಒಂದೇ ಆಗಿದ್ದರೆ, ಅಥವಾ ಐನೂರು ರೂಪಾಯಿಯ ವ್ಯತ್ಯಾಸಕ್ಕೆ ಒಳ್ಳೆಯ ಫ್ಯಾನ್ ಸಿಗುವುದಾದರೆ, ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಆಗ ನಾವು ಕೊಳ್ಳುತ್ತಿರುವುದು ಫ್ಯಾನನ್ನು, ವೇಗವನ್ನಲ್ಲ ಎಂಬುದು ಗೊತ್ತಿರಲಿ.

ನಾಲ್ಕು ಸಾವಿರ ಬೇರೆ ಮಾತು. ಆ ದುಡ್ಡಿಗೆ ಏನು ಬರುತ್ತದೆ? ಹುಡುಗನ ಕಂಪ್ಯೂಟರ್ ಬಿಚ್ಚಿ ತೋರಿಸಲು ವೀಡಿಯೊ ಕಾಲ್ ಮಾಡಿಸಿದೆ. ಪವರ್ ಸಪ್ಲೈ ಕ್ಯಾಬಿನೆಟ್ ಜೊತೆ ಬಂದದ್ದು, ಹೆಸರೂ ಸರಿಯಾಗಿಲ್ಲ. 4060ಗೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್‌ನ ಸಪ್ಲೈ. ಗೋಡೆಯ ಪ್ಲಗ್ಗಿಗೆ ಅರ್ತಿಂಗ್ ಉಂಟಾ ಎಂದು ಕೇಳಿದರೆ ಗೊತ್ತಿಲ್ಲ ಎಂದ. ಅವನ ಮನೆಯಲ್ಲಿ ಮಳೆಗಾಲ ಬಂದರೆ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗಿ ಬರುತ್ತದೆ, ತುಲಾ ತಿಂಗಳ ಸಂಜೆ ಎಂಥ ಸಿಡಿಲು ಎಂದು ನನಗೆ ಗೊತ್ತು. ಅಂಥ ಮನೆಯಲ್ಲಿ ಮೂರು ಫ್ರೇಮ್‌ಗೆ ಕೊಡುವ ದುಡ್ಡು ಒಳ್ಳೆಯ ಪವರ್ ಸಪ್ಲೈಗೆ ಹೋದರೆ ಇಡೀ ಕಂಪ್ಯೂಟರಿಗೆ ಕಾವಲು. ಅದಿದ್ದರೂ ಗುಡುಗು ಕೇಳಿದರೆ ಪ್ಲಗ್ ತೆಗೆಯಲೇಬೇಕು, ಇದು ಬೇರೆ.

ಅದೇ ಕರೆಯಲ್ಲಿ ಒಂದು ತಮಾಷೆಯೂ ಆಯಿತು. ಅವನ ರ‍್ಯಾಮ್‌ನ ಮೇಲೆ 3200 ಎಂದು ಬರೆದಿದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಓಡುತ್ತಿರುವುದು 2133ರಲ್ಲಿ. ಇಂಥ ರ‍್ಯಾಮ್ ಬರೆದ ವೇಗದಲ್ಲಿ ಓಡಬೇಕಾದರೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಬೇಕು. ಜೋಡಿಸಿ ಕೊಟ್ಟವರು ಮಾಡಿರಲಿಲ್ಲ, ಇವನಿಗೆ ಗೊತ್ತಿರಲಿಲ್ಲ. ಅವನ ಪ್ರೊಸೆಸರ್‌ಗೆ ಎಎಂಡಿಯೇ ಹೇಳಿದ ಮೆಮೊರಿ ವೇಗ 3200, ಆದ್ದರಿಂದ ಹೆದರಿಕೆಯೂ ಇಲ್ಲ. ಎರಡು ನಿಮಿಷದ ಕೆಲಸ. ಕೊಂಡ ವೇಗವನ್ನು ನಾಲ್ಕು ವರ್ಷ ಉಪಯೋಗಿಸದೆ ಇಟ್ಟುಕೊಂಡು, ಹೊಸ ವೇಗಕ್ಕೆ ದುಡ್ಡು ಎಣಿಸುತ್ತಿದ್ದ.

ಕೊನೆಗೆ, ಗಲ್ಫಿನಲ್ಲಿರುವ ನಮ್ಮವರಿಗೆ ಒಂದು ಮಾತು. ಊರಿನ ಮಕ್ಕಳಿಗೆ ತರುವಾಗ ದೊಡ್ಡ ಡಬ್ಬಿ, ಹೆಚ್ಚು ರೇಟಿನದ್ದು ತರುವುದು ನಮ್ಮ ಪ್ರೀತಿಯ ರೀತಿ. ನಾನೂ ಅದನ್ನೇ ಮಾಡಿದವನು. ಆದರೆ ಕಂಪ್ಯೂಟರ್ ಸಾಮಾನು ಅತ್ತರ್ ಬಾಟಲಿಯಲ್ಲ. ತರುವ ಮೊದಲು ಇಲ್ಲಿ ವಾರಂಟಿ ಉಂಟಾ ಎಂದು ಬರಹದಲ್ಲಿ ಕೇಳಿ. ಹುಡುಗನ ಪವರ್ ಸಪ್ಲೈ ಎಷ್ಟರದ್ದು, ಕ್ಯಾಬಿನೆಟ್‌ನಲ್ಲಿ ಮೂರು ಫ್ಯಾನಿನ ಕಾರ್ಡ್ ಹಿಡಿಯುತ್ತದಾ ಎಂದು ಅವನನ್ನೇ ಕೇಳಿ. ಅವನಿಗೆ ಬೇಕಾದದ್ದು ಬೇರೆ ಇದ್ದರೆ ಆ ದುಡ್ಡನ್ನು ಕೊಟ್ಟುಬಿಡಿ. ಹಾಗೆಯೇ ಊರಿನ ಉಮ್ಮಂದಿರೂ ಉಪ್ಪಂದಿರೂ, ಸ್ವಂತ ದುಡಿಮೆಯ ಹಣವನ್ನು ನಾಲ್ಕು ಕಡೆ ಕೇಳಿ ಖರ್ಚು ಮಾಡುವ ಹುಡುಗನನ್ನು ಹುಚ್ಚ ಎನ್ನಬೇಡಿ. ಅವನು ಲೆಕ್ಕ ಕಲಿಯುತ್ತಿದ್ದಾನೆ.

ಹುಡುಗ ಕಳೆದ ವಾರ ಮಂಗಳೂರಿಗೆ ಹೋಗಿ ಎರಡು ಫ್ಯಾನಿನ ಸಾದಾ ಕಾರ್ಡ್, ಇಲ್ಲಿಯದ್ದೇ ಬಿಲ್, ಜೊತೆಗೆ 550 ವ್ಯಾಟ್‌ನ ಒಂದು ಪವರ್ ಸಪ್ಲೈ ತಂದ. ಐದು ಸಾವಿರ ಉಳಿಯಿತಂತೆ. “ಅದಕ್ಕೆ ಎಂತ ಮಾಡ್ತೀ ಮೋನೆ?” ಎಂದು ಕೇಳಿದೆ. “ಮೊದಲು ಅರ್ತಿಂಗ್ ಸರಿ ಮಾಡಿಸ್ಬೇಕು ಮಾಮ” ಎಂದ.