ಗಡಿ ದಾಟಿ ಬಂದ ಕಂಬಳಿ

2001ರ ಜನವರಿ 26ರ ಬೆಳಿಗ್ಗೆ ಗುಜರಾತಿನ ಕಛ್ ಪ್ರದೇಶ ನಡುಗಿತು. ಭುಜ್, ಭಚಾವ್, ಅಂಜಾರ್ ಪಟ್ಟಣಗಳು ನೆಲಕಚ್ಚಿದವು. 13,000ಕ್ಕೂ ಹೆಚ್ಚು ಜನ ಅಸುನೀಗಿದರು. ಪ್ರಾಚೀನ ತೀರ್ಥವಾದ ಭದ್ರೇಶ್ವರದ ಜಿನಾಲಯಕ್ಕೂ ತೀವ್ರ ಹಾನಿಯಾಯಿತು. ಅನೇಕ ದೇಶಗಳಿಂದ ನೆರವು ಹರಿದುಬಂದಿತು. ಪಾಕಿಸ್ತಾನದ ವಿಮಾನವೂ ಡೇರೆ, ಕಂಬಳಿಗಳನ್ನು ಹೊತ್ತು ಅಹಮದಾಬಾದಿನಲ್ಲಿ ಇಳಿಯಿತು. ಕಾರ್ಗಿಲ್ ಕದನ ಮುಗಿದು ಎರಡು ವರ್ಷವೂ ತುಂಬಿರಲಿಲ್ಲ. ಆ ಸುದ್ದಿಯನ್ನು ಓದಿದಾಗ ನನ್ನಲ್ಲಿ ಮೊದಲು ಮೂಡಿದ್ದು ಕೃತಜ್ಞತೆಯಲ್ಲ, ‘ಇವರಿಂದಲೂ ಪಡೆಯಬೇಕೇ?’ ಎಂಬ ಮುಜುಗರ. ಬೆಚ್ಚಗಿನ ಮನೆಯಲ್ಲಿ ಕುಳಿತವನ ಮುಜುಗರವದು! ಬಯಲಿನಲ್ಲಿ ಮಲಗಿದವರಿಗೆ ಕಂಬಳಿ ಯಾವ ದೇಶದ್ದಾದರೇನು?

ನಾಲ್ಕು ಕಷಾಯಗಳಲ್ಲಿ ಕ್ರೋಧ, ಲೋಭಗಳನ್ನು ನಾವು ಬೇಗ ಗುರುತಿಸುತ್ತೇವೆ. ಮಾನ ಮಾತ್ರ ಸ್ವಾಭಿಮಾನದ ವೇಷ ತೊಟ್ಟು ಬರುತ್ತದೆ. ದಿಗಂಬರ ಮುನಿಗಳು ನಿಂತು, ಕೈಗಳನ್ನೇ ಪಾತ್ರೆಯಾಗಿಸಿ ಆಹಾರ ಸ್ವೀಕರಿಸುತ್ತಾರೆ. ಅಲ್ಲಿ ಬೇಡುವ ದೈನ್ಯವಿಲ್ಲ, ಪಡೆಯುವ ಸಂಕೋಚವಿಲ್ಲ. ತಲೆಬಾಗುವವನು ಕೊಡುವ ಶ್ರಾವಕನೇ. ಬಾಲ್ಯದಿಂದ ಆ ದೃಶ್ಯವನ್ನು ಕಂಡವನಿಗೂ ಅಂದು ಅದು ನೆನಪಾಗಲಿಲ್ಲ.

ಪಾತ್ರದಾನದಲ್ಲಿ ಪಡೆಯುವವರ ಯೋಗ್ಯತೆಯ ವಿವೇಚನೆ ಉಂಟು. ದುಃಖಿತರಿಗೆ ನೀಡುವ ಕರುಣಾದಾನದಲ್ಲಿ ಅದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಮಾತ್ಸರ್ಯ, ಕಾಲಾತಿಕ್ರಮಗಳನ್ನೂ ಸೇರಿಸಿದ್ದಾರೆ. ಅನಾದರದಿಂದಲೋ ಇತರ ದಾತೃಗಳ ಮೇಲಿನ ಅಸೂಯೆಯಿಂದಲೋ ಕೊಡುವುದು ಮಾತ್ಸರ್ಯ. ಹೊತ್ತು ಮೀರಿ ಕೊಡುವುದು ಕಾಲಾತಿಕ್ರಮ. ಇದು ಮುನಿಗಳ ಆಹಾರವನ್ನು ಕುರಿತ ಮಾತು, ನಿಜ. ಆದರೂ ರಾಷ್ಟ್ರಗಳ ನೆರವಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಂಡಿಲ್ಲ. ಅವಶೇಷಗಳಡಿ ಸಿಲುಕಿದವನಿಗೆ ಮೊದಲ ಎರಡು ಮೂರು ದಿನಗಳೇ ನಿರ್ಣಾಯಕ. ಯಾವ ದೇಶ ಎಷ್ಟು ಕೊಟ್ಟಿತೆಂಬ ಪೈಪೋಟಿಯ ಲೆಕ್ಕ ನಡೆಯುವಷ್ಟರಲ್ಲಿ ಅವು ಕಳೆದಿರುತ್ತವೆ.

2004ರ ಡಿಸೆಂಬರಿನ ಸುನಾಮಿಯ ವೇಳೆ ಭಾರತ ವಿದೇಶಿ ಸರ್ಕಾರಗಳ ನೆರವನ್ನು ನಿರಾಕರಿಸಿತು. ಅದೇ ಹೊತ್ತಿಗೆ ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಗಳಿಗೆ ನೌಕೆಗಳನ್ನು ಕಳುಹಿಸಿತು. ತನಗಿಂತ ಹೆಚ್ಚು ನೊಂದವರಿಗೆ ಸಲ್ಲಲಿ ಎಂಬ ಭಾವವಿದ್ದರೆ ಅದು ತ್ಯಾಗವೇ ಸರಿ. 2018ರ ಕೇರಳ ಪ್ರವಾಹದಲ್ಲಿಯೂ ನಿರಾಕರಣೆ ನಡೆಯಿತು. ಆಗ ಆ ಸಮಾಧಾನ ನನಗೆ ದೊರೆಯಲಿಲ್ಲ. ಬೇಡವೆಂದವರು ಒಬ್ಬರು, ಮನೆ ಕಳೆದುಕೊಂಡವರು ಇನ್ನೊಬ್ಬರು.

2023ರ ಫೆಬ್ರುವರಿ 6ರಂದು ತುರ್ಕಿ, ಸಿರಿಯಾಗಳಲ್ಲಿ ಭೂಮಿ ಕಂಪಿಸಿದಾಗ ನಮ್ಮ ರಕ್ಷಣಾ ತಂಡಗಳೂ ಸೇನೆಯ ವೈದ್ಯರೂ ತುರ್ಕಿಗೆ ಧಾವಿಸಿದರು. ಅಲ್ಲಿನ ಮಹಿಳೆಯೊಬ್ಬರು ಭಾರತೀಯ ಸೇನೆಯ ವೈದ್ಯೆಯನ್ನು ಅಪ್ಪಿ ಕೆನ್ನೆಗೆ ಮುತ್ತಿಟ್ಟ ಚಿತ್ರ ಎಲ್ಲೆಡೆ ಹರಡಿತು. ಆಕೆಯ ಮುಖದಲ್ಲಿ ಮುಜುಗರದ ಲವಲೇಶವೂ ಇರಲಿಲ್ಲ. ಅದನ್ನು ಕಂಡು ನನಗೆ ಹೆಮ್ಮೆಯೆನಿಸಿತು. ಮತ್ತೆ ಅದೇ ಮಾನ. ಈ ಸಲ ಕೊಡುವವರ ಪಕ್ಷದಿಂದ ಬಂದಿತ್ತು, ಅಷ್ಟೆ.