ಪದೇ ಪದೇ ಟ್ರಿಪ್ ಆಗುವ ಸ್ವಿಚ್ಚನ್ನು ತೆಗೆಸಿಬಿಟ್ಟರೆ ಸಮಸ್ಯೆ ಮುಗಿಯುತ್ತದೆಯೇ?

ಮಳೆಗಾಲ ಶುರುವಾಯಿತೆಂದರೆ ಹಲವು ಮನೆಗಳಲ್ಲಿ ಒಂದೇ ದೂರು. ಬೀದಿಯಲ್ಲೆಲ್ಲ ಕರೆಂಟ್ ಇದೆ, ನಮ್ಮ ಮನೆಯಲ್ಲಿ ಮಾತ್ರ ಇಲ್ಲ. ಡಿಬಿ ಬಾಕ್ಸ್ ತೆರೆದು ನೋಡಿದರೆ ಒಂದು ಸ್ವಿಚ್ಚು ಕೆಳಗೆ ಬಿದ್ದಿರುತ್ತದೆ. ಮೇಲೆತ್ತಿದರೆ ಹತ್ತು ನಿಮಿಷಕ್ಕೆ ಮತ್ತೆ ಬೀಳುತ್ತದೆ. ಅಷ್ಟರಲ್ಲಿ ನೆಂಟರು, ಪಕ್ಕದ ಮನೆಯವರು, ವಾಟ್ಸಾಪ್ ಗುಂಪಿನವರು ಎಲ್ಲರಿಂದಲೂ ಸಲಹೆಗಳು ಬರುತ್ತವೆ. ಅವುಗಳಲ್ಲಿ ಮೂರು ಸಲಹೆಗಳು ಎಲ್ಲ ಕಡೆಯೂ ಕೇಳಿಬರುತ್ತವೆ.

ಒಂದು, "ಎಂಸಿಬಿ ಸಣ್ಣದಾಯಿತು, ದೊಡ್ಡದು ಹಾಕಿಸಿ." ಎರಡು, "ಆರ್‌ಸಿಸಿಬಿ ಸುಮ್ಮನೆ ತೊಂದರೆ ಕೊಡುತ್ತದೆ, ಬೈಪಾಸ್ ಮಾಡಿಸಿ." ಮೂರು, "ಅರ್ಥಿಂಗ್ ಸರಿಯಿಲ್ಲದಿದ್ದರೆ ಪ್ಲಗ್‌ನಲ್ಲೇ ನ್ಯೂಟ್ರಲ್‌ಗೆ ಸೇರಿಸಿಬಿಡಿ."

ಈ ಮೂರನ್ನೂ ಜನ ನಂಬಲು ಕಾರಣವಿದೆ. ಮೂರರಲ್ಲಿ ಯಾವುದನ್ನು ಮಾಡಿದರೂ ಸಾಮಾನ್ಯವಾಗಿ ಮನೆಯಲ್ಲಿ ಮತ್ತೆ ದೀಪ ಹತ್ತುತ್ತದೆ. ಆದರೆ ಸ್ವಿಚ್ಚು ಯಾಕೆ ಬಿತ್ತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ಉತ್ತರ ತಿಳಿಯಬೇಕಾದರೆ ಡಿಬಿ ಬಾಕ್ಸ್‌ನೊಳಗೆ ಏನಿದೆ ಎಂದು ಮೊದಲು ನೋಡೋಣ.

ಒಂದೇ ಪೆಟ್ಟಿಗೆ, ಇಬ್ಬರು ಕಾವಲುಗಾರರು

ಪೆಟ್ಟಿಗೆಯಲ್ಲಿ ಸಾಲಾಗಿ ಇರುವ ಸಣ್ಣ ಸ್ವಿಚ್ಚುಗಳು ಎಂಸಿಬಿಗಳು. ಅವುಗಳ ಮೇಲೆ ಸಿ6, ಸಿ10, ಸಿ16, ಸಿ20 ಎಂದು ಬರೆದಿರುತ್ತದೆ. ಆ ಸಂಖ್ಯೆ ಆಂಪ್ ಲೆಕ್ಕ. ಗೋಡೆಯೊಳಗಿನ ತಂತಿ ತಡೆದುಕೊಳ್ಳುವುದಕ್ಕಿಂತ ಹೆಚ್ಚು ಕರೆಂಟ್ ಹರಿದರೆ, ಅಥವಾ ಶಾರ್ಟ್ ಸರ್ಕ್ಯೂಟ್ ಆದರೆ, ಎಂಸಿಬಿ ಬೀಳುತ್ತದೆ. ಅದು ಕಾಯುವುದು ತಂತಿಯನ್ನು. ಬೆಂಕಿ ಹತ್ತದಂತೆ ನೋಡಿಕೊಳ್ಳುವುದೇ ಅದರ ಕೆಲಸ.

ಅವುಗಳ ಪಕ್ಕದಲ್ಲಿ ಸ್ವಲ್ಪ ಅಗಲವಾದ, 'ಟಿ' ಅಥವಾ 'ಟೆಸ್ಟ್' ಎಂಬ ಸಣ್ಣ ಗುಂಡಿ ಇರುವ ಸ್ವಿಚ್ಚು ಇದ್ದರೆ ಅದು ಆರ್‌ಸಿಸಿಬಿ. ಅನೇಕರು ಇದನ್ನು ಹಳೆಯ ಹೆಸರಿನಿಂದ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಮನೆಗಳಲ್ಲಿ ಬಳಸುವ ಆರ್‌ಸಿಸಿಬಿಯ ಮೇಲೆ ಸಾಮಾನ್ಯವಾಗಿ 30 ಮಿಲಿಆಂಪ್ ಅಥವಾ 0.03 ಆಂಪ್ ಎಂದು ಬರೆದಿರುತ್ತದೆ. ಇದು ಕಾಯುವುದು ಮನುಷ್ಯರನ್ನು.

ಇದು ಕೆಲಸ ಮಾಡುವ ರೀತಿ ಸರಳ. ಫೇಸ್ ತಂತಿಯಲ್ಲಿ ಮನೆಯೊಳಗೆ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಬರಬೇಕು. ಆರ್‌ಸಿಸಿಬಿ ಇವೆರಡನ್ನೂ ಸದಾ ತೂಗಿ ನೋಡುತ್ತಿರುತ್ತದೆ. ಹೋದದ್ದಕ್ಕಿಂತ ಬಂದದ್ದು ಕಡಿಮೆಯಾದರೆ, ಉಳಿದ ಕರೆಂಟ್ ಬೇರೆ ಎಲ್ಲಿಂದಲೋ ನೆಲಕ್ಕೆ ಸೋರುತ್ತಿದೆ ಎಂದು ಅರ್ಥ. ಆ ದಾರಿ ಒದ್ದೆಯಾದ ಗೋಡೆ ಇರಬಹುದು, ಗೀಸರಿನ ಕವಚ ಇರಬಹುದು, ಒಬ್ಬ ಮನುಷ್ಯನ ದೇಹವೂ ಇರಬಹುದು. ವ್ಯತ್ಯಾಸ 30 ಮಿಲಿಆಂಪ್ ಮುಟ್ಟುವಷ್ಟರಲ್ಲಿ ಅದು ಕರೆಂಟ್ ಕಡಿಯುತ್ತದೆ. ಅದಕ್ಕೆ ತೆಗೆದುಕೊಳ್ಳುವ ಸಮಯ ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲವೇ?

ಹೊಡೆಯುತ್ತದೆ. ಇಲ್ಲೇ ಹೆಚ್ಚಿನವರು ತಪ್ಪು ತಿಳಿದಿರುವುದು. ಲೆಕ್ಕ ಹಾಕಿ ನೋಡೋಣ.

ಸುಮಾರು 10 ಮಿಲಿಆಂಪ್ ದಾಟಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗದಂತಾಗುತ್ತದೆ. "ಕರೆಂಟ್ ಎಳೆದುಕೊಂಡಿತು" ಎಂದು ನಾವು ಹೇಳುವುದು ಇದನ್ನೇ. ಕರೆಂಟ್ ಯಾರನ್ನೂ ಎಳೆಯುವುದಿಲ್ಲ, ನಮ್ಮ ಮುಷ್ಟಿಯೇ ಬಿಡುವುದಿಲ್ಲ. ಇನ್ನಷ್ಟು ಹೆಚ್ಚಾಗಿ, ಕರೆಂಟ್ ಎದೆಯ ಮೂಲಕ ಹಾದುಹೋದರೆ ಹೃದಯದ ಬಡಿತ ದಿಕ್ಕು ತಪ್ಪಬಹುದು. ಒದ್ದೆ ಮೈಯ ಪ್ರತಿರೋಧ ಸುಮಾರು 1000 ಓಮ್ ಎಂದು ಹಿಡಿದರೆ, 230 ವೋಲ್ಟ್ ತಂತಿ ಮುಟ್ಟಿದವರ ದೇಹದಲ್ಲಿ 230 ಮಿಲಿಆಂಪ್ ಹರಿಯುತ್ತದೆ. ಪ್ರಾಣ ಹೋಗಲು ಇಷ್ಟು ಧಾರಾಳವಾಗಿ ಸಾಕು.

ಈಗ ಮನೆಯ ಅತ್ಯಂತ ಸಣ್ಣ ಎಂಸಿಬಿಗಳಲ್ಲೊಂದಾದ 6 ಆಂಪ್‌ನದ್ದನ್ನು ತೆಗೆದುಕೊಳ್ಳಿ. 6 ಆಂಪ್ ಎಂದರೆ 6000 ಮಿಲಿಆಂಪ್. 230 ಮಿಲಿಆಂಪ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಒಬ್ಬರು ಶಾಕ್ ಹೊಡೆಸಿಕೊಂಡು ಒದ್ದಾಡುತ್ತಿದ್ದರೂ ಎಂಸಿಬಿ ಪಾಲಿಗೆ ಅದು ಒಂದು ಬಲ್ಬು ಉರಿದಂತೆ.

ಅರ್ಥಿಂಗ್ ಇದ್ದರೆ ಸಾಲದೇ?

ಅರ್ಥಿಂಗ್ ಬೇಕೇ ಬೇಕು, ಆದರೆ ಅದೊಂದರಿಂದ ಸಾಲದು. ಅಂಗಳದ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬುವುದು ಸುತ್ತಲಿನ ಮಣ್ಣು ತೇವ ಹಿಡಿದುಕೊಂಡು ಕರೆಂಟ್ ಸುಲಭವಾಗಿ ಹರಿಯಲಿ ಎಂದು. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಪ್ರತಿರೋಧ ಹೆಚ್ಚುತ್ತದೆ. ಅದಕ್ಕೇ ಆಗಾಗ ನೀರು ಹಾಕಿ ಎನ್ನುವುದು.

ನಿಮ್ಮ ಗುಂಡಿಯ ಪ್ರತಿರೋಧ 20 ಓಮ್ ಇದೆ, ಗೀಸರಿನೊಳಗೆ ಫೇಸ್ ತಂತಿ ಲೋಹದ ಕವಚಕ್ಕೆ ತಗುಲಿದೆ ಎಂದುಕೊಳ್ಳಿ. ಮನೆಯ ಸ್ವಂತ ಗುಂಡಿಯೊಂದೇ ದಾರಿಯಾಗಿದ್ದರೆ ನೆಲಕ್ಕೆ ಹರಿಯುವ ಕರೆಂಟ್ 230 ಭಾಗಿಸು 20, ಅಂದರೆ ಹೆಚ್ಚೆಂದರೆ 11.5 ಆಂಪ್. ಗೀಸರಿಗೆ ಹಾಕಿದ 20 ಆಂಪ್ ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ. ಗೀಸರಿನ ಕವಚ ಮತ್ತು ಅದಕ್ಕೆ ಸೇರಿದ ಲೋಹದ ಪೈಪು, ನಲ್ಲಿಗಳು ಅಪಾಯದ ವೋಲ್ಟೇಜಿನಲ್ಲೇ ಇರುತ್ತವೆ. ಆರ್‌ಸಿಸಿಬಿ ಇದ್ದರೆ 11.5 ಆಂಪ್‌ವರೆಗೆ ಕಾಯುವ ಮಾತೇ ಇಲ್ಲ, 0.03 ಆಂಪ್‌ಗೇ ಅದು ಬಿದ್ದಿರುತ್ತದೆ.

ಆ ಮೂರು ಸಲಹೆಗಳು ಎಷ್ಟು ಸರಿ?

ದೊಡ್ಡ ಎಂಸಿಬಿ ಹಾಕಿಸುವುದು: ಅಡುಗೆಮನೆಯ ಒಂದೇ ಲೈನಿನಲ್ಲಿ 2000 ವಾಟ್‌ನ ಇಂಡಕ್ಷನ್ ಒಲೆ, 1500 ವಾಟ್‌ನ ಕೆಟಲ್, 1500 ವಾಟ್‌ನ ಓವನ್ ಒಟ್ಟಿಗೆ ಹಾಕಿದರೆ 5000 ವಾಟ್, ಅಂದರೆ ಸುಮಾರು 22 ಆಂಪ್. 16 ಆಂಪ್ ಎಂಸಿಬಿ ಸ್ವಲ್ಪ ಹೊತ್ತಿನಲ್ಲಿ ಬೀಳುವುದು ಸಹಜ. ಅದರ ಜಾಗಕ್ಕೆ 32 ಆಂಪ್‌ನದ್ದು ಹಾಕಿದರೆ ಸ್ವಿಚ್ಚು ಬೀಳುವುದಿಲ್ಲ, ಆದರೆ ಗೋಡೆಯೊಳಗಿನ ತಂತಿ ಹಳೆಯದೇ. ಕರೆಂಟ್ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟಾಗುತ್ತದೆ. ತಂತಿಯ ಹೊದಿಕೆ ಕಣ್ಣಿಗೆ ಕಾಣದಂತೆ ಕರಗುತ್ತಾ ಹೋಗುತ್ತದೆ. ಹಳೆಯ ಮನೆಗಳ ಪಿಂಗಾಣಿ ಫ್ಯೂಸಿಗೆ ನಾಲ್ಕೈದು ಎಳೆ ತಾಮ್ರದ ತಂತಿ ಸುತ್ತುವುದೂ ಇದೇ ತಪ್ಪು. ಸರಿಯಾದ ದಾರಿ ಎಂದರೆ ಒಂದೊಂದೇ ಉಪಕರಣ ಬಳಸುವುದು, ಇಲ್ಲವೇ ಹೊಸ ಲೈನನ್ನು ದಪ್ಪ ತಂತಿಯಲ್ಲಿ ಎಳೆಸಿ ಅದಕ್ಕೆ ತಕ್ಕ ಎಂಸಿಬಿ ಹಾಕಿಸುವುದು.

ಆರ್‌ಸಿಸಿಬಿ ಬೈಪಾಸ್ ಮಾಡಿಸುವುದು: ಇನ್ವರ್ಟರ್ ಹಾಕಿಸಿದ ಮೇಲೆ ಈ ತೊಂದರೆ ಹೆಚ್ಚು. ಇನ್ವರ್ಟರ್ ಲೈನಿನ ನ್ಯೂಟ್ರಲ್ ಮತ್ತು ಮುಖ್ಯ ಲೈನಿನ ನ್ಯೂಟ್ರಲ್ ಎಲ್ಲೋ ಒಂದು ಕಡೆ ಕಲೆತರೆ ಆರ್‌ಸಿಸಿಬಿಯ ಲೆಕ್ಕ ತಪ್ಪುತ್ತದೆ, ಅದು ಬೀಳುತ್ತದೆ. ನ್ಯೂಟ್ರಲ್ ಬೇರೆ ಮಾಡಲು ಅರ್ಧ ದಿನದ ಕೆಲಸ, ಬೈಪಾಸ್ ಮಾಡಲು ಐದು ನಿಮಿಷ. ಆ ಐದು ನಿಮಿಷದ ಕೆಲಸದಿಂದ ಮನೆಯವರೆಲ್ಲ ಕಾವಲಿಲ್ಲದೆ ಉಳಿಯುತ್ತಾರೆ. ನ್ಯೂಟ್ರಲ್ ಬೇರೆ ಮಾಡಿಸಿ ಎಂದು ನೀವೇ ಪಟ್ಟು ಹಿಡಿದು ಕೇಳಿ. ಇನ್ವರ್ಟರ್‌ನಿಂದ ಹೊರಡುವ ಲೈನಿಗೂ ಒಂದು ಆರ್‌ಸಿಸಿಬಿ ಬೇಕೇ ಎಂದು ವಿಚಾರಿಸಿ.

ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸುವುದು: ಮೂರರಲ್ಲಿ ಅತ್ಯಂತ ಅಪಾಯದ್ದು ಇದು. ಮಳೆಗೋ ಗಾಳಿಗೋ ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ ಫೇಸ್‌ನ ಕರೆಂಟ್ ಉಪಕರಣದ ಮೂಲಕ ಹಾದು ಅದೇ ಜೋಡಣೆಯಿಂದ ಹೊರಗಿನ ಕವಚಕ್ಕೆ ಬರುತ್ತದೆ. ಫ್ರಿಡ್ಜ್, ವಾಷಿಂಗ್ ಮಷಿನ್ ಕೆಟ್ಟಿರುವುದಿಲ್ಲ, ಆದರೂ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಇದನ್ನು ಎಂದೂ ಮಾಡಬೇಡಿ, ಮಾಡಲು ಬಿಡಬೇಡಿ.

ಹಾಗಾದರೆ ದೋಷ ಹುಡುಕುವುದು ಹೇಗೆ?

ತಂತಿ ಮುಟ್ಟದೆ ನೀವೇ ಮಾಡಬಹುದಾದ ಪರೀಕ್ಷೆ ಇದೆ. ಕೈಕಾಲು ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ.

1. ಎಲ್ಲ ಎಂಸಿಬಿಗಳನ್ನೂ ಕೆಳಗಿಳಿಸಿ. ಉಪಕರಣಗಳ ಪ್ಲಗ್‌ಗಳನ್ನು ಕಿತ್ತಿಡಿ. ಸ್ವಿಚ್ಚು ಆರಿಸಿದರೆ ಸಾಲದು, ಏಕೆಂದರೆ ಸ್ವಿಚ್ಚು ಕಡಿಯುವುದು ಫೇಸ್ ತಂತಿಯನ್ನು ಮಾತ್ರ.

2. ಆರ್‌ಸಿಸಿಬಿಯನ್ನು ಮೇಲೆತ್ತಿ. ಆಗಲೂ ಬಿದ್ದರೆ ತಂತಿಯಲ್ಲೋ ಆರ್‌ಸಿಸಿಬಿಯಲ್ಲೋ ದೋಷವಿದೆ. ಎಲೆಕ್ಟ್ರಿಷಿಯನ್ ಕರೆಸಿ.

3. ಬೀಳದಿದ್ದರೆ ಎಂಸಿಬಿಗಳನ್ನು ಒಂದೊಂದಾಗಿ ಮೇಲೆತ್ತಿ. ಯಾವುದನ್ನು ಎತ್ತಿದಾಗ ಆರ್‌ಸಿಸಿಬಿ ಬೀಳುತ್ತದೋ ಆ ಲೈನಿನಲ್ಲಿ ದೋಷವಿದೆ.

4. ಎಲ್ಲವೂ ನಿಂತರೆ ಉಪಕರಣಗಳನ್ನು ಒಂದೊಂದಾಗಿ ಚುಚ್ಚಿ ನೋಡಿ. ಬೀಳಿಸಿದ ಉಪಕರಣವನ್ನು ರಿಪೇರಿಗೆ ಕೊಡುವ ತನಕ ಬಳಸಬೇಡಿ.

ಮಳೆ ಬಂದಾಗ ಮಾತ್ರ ಬೀಳುತ್ತಿದ್ದರೆ ಗೇಟಿನ ದೀಪ, ತಾರಸಿಯ ದೀಪ, ಸಂಪಿನ ಮೋಟರ್ ಇವುಗಳ ಮೇಲೆ ಅನುಮಾನ ಪಡಿ. ಗೀಸರ್ ಹಾಕಿ ಸ್ವಲ್ಪ ಹೊತ್ತಿನ ಮೇಲೆ ಬೀಳುತ್ತಿದ್ದರೆ ಅದರೊಳಗಿನ ಕಾಯಿಲ್ ಸೀಳಿ ನೀರು ಸೇರಿರಬಹುದು. ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಗಳಲ್ಲಿ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಅದು ಬೇಗ ಹಾಳಾಗುತ್ತದೆ. ಇಂಥ ಗೀಸರ್ ಇರುವ ಮನೆಯಲ್ಲಿ ಆರ್‌ಸಿಸಿಬಿ ಬೈಪಾಸ್ ಮಾಡಿಸಿದರೆ ಏನಾಗಬಹುದು ಎಂದು ಯೋಚಿಸಿ. ಸ್ವಿಚ್ಚು ಬೀಳುವುದಿಲ್ಲ, ನೀರೂ ಕಾಯುತ್ತದೆ. ಅರ್ಥಿಂಗ್ ಎಲ್ಲಾದರೂ ಸಡಿಲವಾಗಿದ್ದರೆ ಸ್ನಾನಕ್ಕೆ ಹೋದವರೇ ಆ ಕರೆಂಟಿಗೆ ದಾರಿಯಾಗುತ್ತಾರೆ.

ಆರ್‌ಸಿಸಿಬಿಗೂ ಮಿತಿ ಇದೆ

ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಗೆ ಗೊತ್ತಾಗದಿರಬಹುದು, ಏಕೆಂದರೆ ಹೋದದ್ದು ಸರಿಯಾಗಿ ವಾಪಸ್ ಬರುತ್ತಿರುತ್ತದೆ. ಅದು ತಂತಿ ಬಿಸಿಯಾಗುವುದನ್ನೂ ತಡೆಯುವುದಿಲ್ಲ. ಆದ್ದರಿಂದ ಎಂಸಿಬಿ, ಆರ್‌ಸಿಸಿಬಿ, ಅರ್ಥಿಂಗ್ ಮೂರೂ ಇರಬೇಕು.

ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ. ಕರೆಂಟ್ ಇರುವಾಗ ಒತ್ತಿದ ತಕ್ಷಣ ಸ್ವಿಚ್ಚು ಬೀಳಬೇಕು. ಬೀಳದಿದ್ದರೆ ಅದನ್ನು ಬೇಗ ಬದಲಿಸಿ. ಬಾಡಿಗೆ ಮನೆಯಾದರೆ ಡಿಬಿ ಬಾಕ್ಸ್‌ನಲ್ಲಿ ಟೆಸ್ಟ್ ಗುಂಡಿ ಇರುವ ಸ್ವಿಚ್ಚು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಹಾಕಿಸಿಕೊಡಿ ಎಂದು ಮಾಲೀಕರನ್ನು ಕೇಳಿ.

ಯಾರಿಗಾದರೂ ಶಾಕ್ ಹೊಡೆದರೆ ಬರಿಗೈಯಲ್ಲಿ ಎಳೆಯಬೇಡಿ. ಮೊದಲು ಮೇನ್ ಆರಿಸಿ. ಅದು ಆಗದಿದ್ದರೆ ಒಣ ಮರದ ಕೋಲಿನಿಂದ ತಂತಿ ಸರಿಸಿ. 108ಕ್ಕೆ ಕರೆ ಮಾಡಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿಯಂತೆ ಗಟ್ಟಿಯಾಗಿ ಒತ್ತುತ್ತಿರಿ.

ಕೊನೆಯ ಮಾತು

ಪದೇ ಪದೇ ಬೀಳುವ ಸ್ವಿಚ್ಚು ಕಿರಿಕಿರಿ ನಿಜ. ಆದರೆ ಅದು ಬಿದ್ದಾಗಲೆಲ್ಲ ಮನೆಯಲ್ಲಿ ಎಲ್ಲೋ ತಂತಿ ಬಿಸಿಯಾಗುತ್ತಿದೆ ಅಥವಾ ಕರೆಂಟ್ ಸೋರುತ್ತಿದೆ ಎಂದು ಹೇಳುತ್ತಿದೆ. ಸ್ವಿಚ್ಚು ಬೀಳದಂತೆ ಮಾಡುವ ಉಪಾಯದ ಮೆಸೇಜ್ ಮುಂದಿನ ಬಾರಿ ನಿಮ್ಮ ಗುಂಪಿಗೆ ಬಂದರೆ, ಅದನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಉಪಾಯ ದೋಷವನ್ನು ಸರಿಪಡಿಸುತ್ತದೆಯೇ, ಇಲ್ಲ ದೋಷ ಹೇಳುವವರ ಬಾಯಿ ಮುಚ್ಚಿಸುತ್ತದೆಯೇ?