ಸುಟ್ಟ ಎಣ್ಣೆಯ ವಾಸನೆ: ಕುಯ್ಲಿಗೆ ಮುನ್ನ ಒಂದು ಮಾತು



ಕೊಳೆರೋಗ ತಗುಲಿ ಕಾಯಿ ಉದುರಿದ ಮೇಲೆ ಬೋರ್ಡೋ ದ್ರಾವಣ ಹೊಡೆದು ಫಲವಿಲ್ಲವೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತೋಟದ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು ಅಂಗಳದಲ್ಲಿ ನಿಂತ ಕಾರು, ಜೀಪುಗಳ ವಿಷಯದಲ್ಲಿ ಮಾತ್ರ ಬಹಳ ಅಸಡ್ಡೆಯವರು. ಇದನ್ನು ಬರೆಯುತ್ತಿರುವ ನಾವೂ ಅದಕ್ಕೆ ಹೊರತಲ್ಲ.

ಕಳೆದ ವರ್ಷ ಕಾಫಿ ಕುಯ್ಲಿಗೆ ಮುನ್ನ, ನಮ್ಮಲ್ಲಿಗೆ ಕೆಲಸಕ್ಕೆ ಬರುವ ಕುಟುಂಬಗಳನ್ನು ಕಂಡು ಮಾತನಾಡಿ ಬರಲು ಜೀಪಿನಲ್ಲಿ ವಿಜಯಪುರ ಜಿಲ್ಲೆಗೆ ಹೋಗಿದ್ದೆವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕುಗಳನ್ನು ಸುತ್ತಬೇಕಿತ್ತು. ಹೊರಡುವ ಮೂರು ವಾರ ಮೊದಲೇ ಜೀಪಿನಲ್ಲಿ ಎಣ್ಣೆ ಸುಟ್ಟ ವಾಸನೆ ಆಗಾಗ ಬರುತ್ತಿತ್ತು. ಹಳೆಯ ಗಾಡಿ, ಇದ್ದದ್ದೇ ಎಂದುಕೊಂಡು ಎರಡು ಸಲ ಅರ್ಧರ್ಧ ಲೀಟರ್ ಎಣ್ಣೆ ಸುರಿದು ಸುಮ್ಮನಾದೆವು.

ಇಂಡಿಯ ನಿಂಬೆ ತೋಟಗಳನ್ನು ದಾಟಿ ಸಿಂದಗಿಯ ಕಡೆ ಹೊರಟಾಗ ವಾಸನೆ ಮೂಗಿಗೆ ಅಡರಿತು. ಬಾನೆಟ್ಟಿನ ಅಂಚಿನಿಂದ ತೆಳ್ಳಗೆ ಹೊಗೆಯೂ ಕಂಡಿತು. ಗಾಡಿ ತಣಿಸಿ, ಎಣ್ಣೆಯ ಮಟ್ಟ ನೋಡಿ, ಮೆಲ್ಲಗೆ ಸಿಂದಗಿ ಸೇರಿದೆವು. ಅಲ್ಲಿಯ ಮೇಸ್ತ್ರಿ ಬಾನೆಟ್ ಎತ್ತಿದವನೇ, "ಎಣ್ಣಿ ಹಾಕ್ಕೋತ ಹೋದ್ರ ಆಗಂಗಿಲ್ರಿ, ಎಲ್ಲಿಂದ ಬರತೈತಿ ನೋಡಬೇಕ್ರಿ" ಎಂದ. ನೋಡುವುದೂ ಕಷ್ಟವಾಗಲಿಲ್ಲ. ದಾರಿಯ ಎರೆಮಣ್ಣಿನ ಧೂಳು ಎಣ್ಣೆ ಹರಿದಲ್ಲೆಲ್ಲ ಅಂಟಿ, ಟ್ಯಾಪೆಟ್ ಕವರಿನಿಂದ ಎಕ್ಸಾಸ್ಟ್ ಮ್ಯಾನಿಫೋಲ್ಡಿನವರೆಗೆ ಕಪ್ಪು ಗೆರೆ ಎಳೆದಿತ್ತು.

ಊರಲ್ಲಿ ಅಷ್ಟಾಗಿ ಕಾಡದ್ದು ಅಲ್ಲೇಕೆ ಕಾಡಿತು? ನಮ್ಮ ಓಡಾಟ ತೋಟದಿಂದ ಪೇಟೆಗೆ. ಎಂಜಿನ್ ಪೂರ್ತಿ ಕಾಯುವಷ್ಟರಲ್ಲಿ ದಾರಿ ಮುಗಿಯುತ್ತದೆ. ಬಯಲುಸೀಮೆಯಲ್ಲಿ ಗಂಟೆಗಟ್ಟಲೆ ಒಂದೇ ವೇಗದ ಓಟ. ಎಣ್ಣೆ ಕಾದು ನೀರಾಗುತ್ತದೆ, ಗಟ್ಟಿಯಾದ ಹಳೆ ಗ್ಯಾಸ್ಕೆಟ್ಟಿನಿಂದ ಒಸರುತ್ತದೆ. ಭಾರ ಎಳೆಯುವಾಗ ಮ್ಯಾನಿಫೋಲ್ಡಿನ ಬಿಸಿ 400 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಎಂಜಿನ್ ಎಣ್ಣೆಯಾದರೋ ಸುಮಾರು 200 ಡಿಗ್ರಿಯ ಮೇಲೆ ಹೊತ್ತಬಲ್ಲ ಆವಿ ಬಿಡತೊಡಗುತ್ತದೆ. ಇದು ಬರೀ ವಾಸನೆಯ ಮಾತಲ್ಲ, ಬೆಂಕಿಯ ಮಾತು.

ಸದಸ್ಯರು ತಾವೇ ಕಂಡುಕೊಳ್ಳಬಹುದಾದದ್ದಿಷ್ಟು. ಸಮತಟ್ಟು ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಎಣ್ಣೆಯ ಮಟ್ಟ ನೋಡಿ. ಕೆಳಗೆರೆಗಿಂತ ಕಡಿಮೆಯಿದ್ದರೆ ಎಣ್ಣೆ ಹಾಕದೆ ಗಾಡಿ ಎಬ್ಬಿಸಬೇಡಿ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಎಣ್ಣೆ ಒಳಗೇ ಸುಡುತ್ತಿದೆ, ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲ್ ಸವೆದಿರಬಹುದು; ಅದು ದೊಡ್ಡ ಕೆಲಸ. ಹೊಗೆಯಿಲ್ಲದೆ ವಾಸನೆ ಮಾತ್ರವಿದ್ದರೆ ಸೋರಿಕೆ ಹೊರಗಡೆ ಇರುವ ಸಂಭವ ಹೆಚ್ಚು. ತಣ್ಣಗಿದ್ದಾಗ ಎಂಜಿನ್ ಒರೆಸಿ, ಹತ್ತು ಕಿಲೋಮೀಟರ್ ಓಡಿಸಿ, ಟಾರ್ಚ್ ಹಿಡಿದು ನೋಡಿ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಗಾಳಿಗೆ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಮುಂದಿನದು ಯಾವುದೋ ಅದೇ ಮೂಲ. ಎಣ್ಣೆ ಬದಲಿಸಿದ ಮರುದಿನವೇ ವಾಸನೆ ಬಂದರೆ, ಚೆಲ್ಲಿದ ಎಣ್ಣೆ ಸುಡುತ್ತಿರಬಹುದು, ಇಲ್ಲವೆ ಫಿಲ್ಟರಿನ ಹಳೆಯ ರಬ್ಬರ್ ಬಳೆ ಅಲ್ಲೇ ಉಳಿದಿರಬಹುದು. ರಬ್ಬರ್, ವೈರು ಸುಟ್ಟ ವಾಸನೆಯಾದರೆ ಕೂಡಲೇ ನಿಲ್ಲಿಸಿ; ಅದು ಬೇರೆಯೇ ರೋಗ.

ನಮ್ಮ ಜೀಪಿಗೆ ಹೊಸ ಗ್ಯಾಸ್ಕೆಟ್ ಬಿತ್ತು. ಧೂಳು ಕಟ್ಟಿದ್ದ ಬ್ರೀದರ್ ಕೊಳವೆಯನ್ನೂ ಮೇಸ್ತ್ರಿ ತೊಳೆದ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಹೊಸ ಗ್ಯಾಸ್ಕೆಟ್ಟೂ ಸೋರುತ್ತದಂತೆ. ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ ಹದವಾಗಿ ಬಿಗಿದ. ಅತಿಯಾಗಿ ಬಿಗಿದರೆ ತಗಡಿನ ಕವರ್ ಬಾಗಿ ಸೋರಿಕೆ ಇನ್ನೂ ಹೆಚ್ಚುತ್ತದೆ. ಅರ್ಧ ದಿನದ ಕೆಲಸ, ಅಲ್ಪ ಖರ್ಚು. ತಾಳಿಕೋಟೆ ಮಾರ್ಗವಾಗಿ ಮುದ್ದೇಬಿಹಾಳಕ್ಕೆ ಹೋದಾಗ ವಾಸನೆ ಇರಲಿಲ್ಲ.

ಬಸವನ ಬಾಗೇವಾಡಿಯಿಂದ ಒಂದು ಕುಟುಂಬ ನಮ್ಮೊಂದಿಗೇ ಜೀಪು ಹತ್ತಿತು. ಗಂಡ ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆಹೋದರು. ನಮಗೆ ದಾರಿಯುದ್ದಕ್ಕೂ ಒಂದೇ ಯೋಚನೆ: ಮೂರು ವಾರ ಮುಚ್ಚಿಟ್ಟ ಆ ವಾಸನೆಯ ಮೇಲೆಯೇ ಇವರನ್ನು ಕೂರಿಸಿಕೊಂಡು ಬರುವವರಿದ್ದೆವಲ್ಲ! ನಮ್ಮನ್ನು ನಂಬಿ ಊರು ಬಿಟ್ಟು ಬರುವವರ ಜೀವ ನಮ್ಮ ಹೊಣೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಜೀವದ ಮಾತು ಹೇಳಬೇಕೆ?

ಆದ್ದರಿಂದ ಸಂಘಕ್ಕೆ ನಮ್ಮದೊಂದು ಸಲಹೆ. ಪ್ರತಿ ವರ್ಷ ಅಕ್ಟೋಬರಿನಲ್ಲಿ, ಕುಯ್ಲು ಹಿಡಿಯುವ ಮೊದಲು, ಗೋದಾಮಿನ ಅಂಗಳದಲ್ಲಿ ಒಂದು ದಿನ ವಾಹನ ತಪಾಸಣೆ ನಡೆಯಲಿ. ಇಬ್ಬರು ಅನುಭವಿ ಮೇಸ್ತ್ರಿಗಳ ಕೂಲಿಯನ್ನು ಬಂದ ಸದಸ್ಯರು ಹಂಚಿಕೊಳ್ಳಲಿ. ಇದು ಸಂಘದ ಕೆಲಸವಲ್ಲ ಎಂದು ಕೆಲವರು ಹೇಳಬಹುದು. ಗೊಬ್ಬರ, ಮೈಲುತುತ್ತು ಒದಗಿಸುವುದು ಸಂಘದ ಕೆಲಸವಾದರೆ, ಅವನ್ನೂ ಆಳುಗಳನ್ನೂ ಹೊತ್ತು ತರುವ ಗಾಡಿ ನೆಟ್ಟಗಿದೆಯೇ ಎಂದು ನೋಡುವುದೂ ಸಂಘದ್ದೇ ಎಂಬುದು ನಮ್ಮ ಅಭಿಪ್ರಾಯ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಈ ಮಾತೆತ್ತಬೇಕಾಗಿ ವಿನಂತಿ. ಅಲ್ಲಿಯತನಕ, ಇಂದು ಸಂಜೆಯೇ ತಮ್ಮ ಗಾಡಿಯ ಬಾನೆಟ್ ಒಮ್ಮೆ ಎತ್ತಿ ನೋಡಿ.